ಫ್ಲೈಓವರ್ ಕೆಳಗೆ ಚರಗ ಚೆಲ್ಲಿದ್ದು

ತಲೆಯ ಮೇಲೆ ಲಾರಿ ಹೋಗುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ಖರೆ ಖರೆ ತಲೆಯ ಮೇಲೆಯೇ. ನಾನು ಕಲ್ಲುಬೆಂಚಿನ ಮೇಲೆ ಕೂತಿದ್ದೆ, ಪಕ್ಕದಲ್ಲಿ ನಮ್ಮ ಅತ್ತೆ ಕೂತಿದ್ದರು. ಎದುರಿಗೆ ದಾಸವಾಳದ ಗಿಡ, ಸಮವಾಗಿ ಕತ್ತರಿಸಿದ ಹುಲ್ಲು, ಬಣ್ಣ ಬಳಿದ ಸಿಮೆಂಟಿನ ಜಿಂಕೆ. ತಲೆ ಎತ್ತಿದರೆ ಮುಗಿಲು ಇರಬೇಕಾದ ಜಾಗದಲ್ಲಿ ರಸ್ತೆಯ ಹೊಟ್ಟೆ ಕಾಣುತ್ತಿತ್ತು. ಅದೂ ಒಂದೇ ರಸ್ತೆಯಲ್ಲ. ಒಂದರ ಮೇಲೊಂದು ಹಾದು, ಬಳಸಿ, ಮತ್ತೆ ಬೇರೆ ಬೇರೆ ದಿಕ್ಕಿಗೆ ಇಳಿದುಹೋಗುವ ನಾಲ್ಕಾರು ರಸ್ತೆಗಳು. ದೊಡ್ಡ ಗಾಡಿ ಹೋದಾಗಲೆಲ್ಲ ಬೆಂಚು ಸಣ್ಣಗೆ ನಡುಗುತ್ತಿತ್ತು.

ಅತ್ತೆ ಬಹಳ ಹೊತ್ತು ಮೇಲೆ ನೋಡಿ, "ಇಲ್ಲಿ ಮಳಿ ಬಂದ್ರ ಗಿಡಕ್ಕ ಹ್ಯಾಂಗ ಗೊತ್ತಾಗತೈತಿ?" ಎಂದು ಕೇಳಿದರು. ನನಗೇನು ಗೊತ್ತು? ಆ ಪಾರ್ಕಿನ ಬಾಗಿಲು ಹುಡುಕುವುದರಲ್ಲೇ ನನಗೆ ಸಾಕುಸಾಕಾಗಿತ್ತು.

ಬಾಗಲಕೋಟೆ ಕಡೆ ಕೂತು ಇದನ್ನು ಓದುತ್ತಿರುವ ನೀವು ಕೇಳುತ್ತೀರಿ, ಬೆಂಗಳೂರಿನಂಥ ಊರಿಗೆ ಹೋದವರು ಎಲ್ಲ ಬಿಟ್ಟು ಪಾರ್ಕು ಯಾಕೆ ಹುಡುಕಿದಿರಿ ಅಂತ. ಅದನ್ನು ಹೇಳಬೇಕಾದರೆ ನಮ್ಮ ಹೊಲದಿಂದ ಶುರು ಮಾಡಬೇಕು. ಹೊಲ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಮುಳುಗಡೆ ಅಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯವರಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುವುದಿಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿದೆ. "ಅಯ್ಯೋ ಪಾಪ, ಪ್ರವಾಹ ಬಂದಿತ್ತಾ ಮಿಸ್?" ಎಂದರು. ಪ್ರವಾಹ ಬಂದದ್ದು ಇಳಿದು ಹೋಗುತ್ತದೆ. ಇದು ಇಳಿಯುವ ನೀರಲ್ಲ.

ನಮ್ಮವರಿಗೆ ಸಿಟಿ ಬಸ್ಸಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ನನಗೆ ಚಂದ್ರಾ ಲೇಔಟಿನ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ಮೂಡಲಪಾಳ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅತ್ತೆಯೂ ನಮ್ಮ ಜೊತೆ ಬಂದರು. ನಾನು ಶಾಲೆಯಿಂದ ಬರುವ ತನಕ ಮಗಳು ರೂಪಾಳನ್ನು ನೋಡಿಕೊಳ್ಳುವವರು ಅವರೇ. ಸರಳವಾಗಿ ಹೇಳುತ್ತೇನೆ, ಅತ್ತೆ ಇಲ್ಲದಿದ್ದರೆ ನನ್ನ ಕೆಲಸವಿಲ್ಲ, ನನ್ನ ಕೆಲಸವಿಲ್ಲದಿದ್ದರೆ ಈ ಊರಲ್ಲಿ ನಾವಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಊರಲ್ಲಿ ನನ್ನ ಜೊತೆ ನಮ್ಮ ಮಾತು ಆಡುವ ಹೆಣ್ಣುಜೀವ ಅವರೊಬ್ಬರೇ.

ಮನೆ ಎಂದರೆ ಏನು ಮನೆ! ಅಲ್ಲಿ ನಮಗೆ ಪಡಸಾಲೆಯಿತ್ತು, ಹಿತ್ತಲಿತ್ತು, ಕೂಗಿದರೆ ಓಗೊಡುವ ನೆರೆಯಿತ್ತು. ಇಲ್ಲಿ ಮೇಲಿನ ಮಹಡಿಯಲ್ಲಿ ಮನೆಯ ಮಾಲೀಕರು. ಅವರನ್ನು ಹೆಸರಿನಿಂದ ಯಾರೂ ಕರೆಯುವುದಿಲ್ಲ, 'ಓನರ್' ಎನ್ನುತ್ತಾರೆ, ಅವರ ಹೆಂಡತಿ 'ಓನರ್ ಆಂಟಿ'. ಬಂದ ಮರುದಿನವೇ ಓನರ್ ಆಂಟಿ ಕೆಳಗಿಳಿದು ಬಂದು, "ಏನಮ್ಮ, ಬೆಳಿಗ್ಗೆ ಬೆಳಿಗ್ಗೆ ಅದೇನು ಟಪಟಪ ಅಂತ ಬಡೀತಾ ಇರ್ತೀರಿ? ನಮ್ಮನೆಯವ್ರಿಗೆ ನಿದ್ದೇನೇ ಬರಲ್ಲ" ಎಂದರು. ಅದು ರೊಟ್ಟಿ ಬಡಿಯುವ ಸಪ್ಪಳ. ಅವತ್ತಿನಿಂದ ಅತ್ತೆ ಕೊಣಮಿಗೆ ಎಂಬ ಕಟ್ಟಿಗೆಯ ಪರಾತದ ಕೆಳಗೆ ಹಳೆಯ ಕೌದಿ ಮಡಿಸಿಟ್ಟು ಮೆತ್ತಗೆ ರೊಟ್ಟಿ ಬಡಿಯುವುದನ್ನು ಕಲಿತರು. ಜೀವಮಾನವಿಡೀ ಬಡಿದ ಕೈ, ಈಗ ಕಳ್ಳರ ಹಾಗೆ ಬಡಿಯಬೇಕು. ರೊಟ್ಟಿ ದಪ್ಪಗಾಗತೊಡಗಿತು. ನಾವು ಸುಮ್ಮನೆ ತಿಂದೆವು.

ಮಾತಿನದೂ ಅದೇ ಕಥೆ. ನಾನು ಸಾದಾ ಧ್ವನಿಯಲ್ಲಿ ಹಾಲಿನವನ ಜೊತೆ ಮಾತಾಡಿದರೆ ಎದುರುಮನೆಯವರು ಜಗಳ ಅಂದುಕೊಂಡು ಕಿಟಕಿ ತೆಗೆಯುತ್ತಾರೆ. ತರಗತಿಯಲ್ಲಿ ಬಾಯಿತಪ್ಪಿ 'ಐತಿ' ಎಂದರೆ ಮಕ್ಕಳು ಕಿಸಕ್ಕನೆ ನಗುತ್ತವೆ. ಕನ್ನಡ ಕಲಿಸಲು ಬಂದವಳಿಗೆ ಕನ್ನಡ ಬರುವುದಿಲ್ಲ ಎಂಬಂಥ ನಗು. ಬೆಳಿಗ್ಗೆ ಅವರ ಕನ್ನಡ ಉಟ್ಟುಕೊಂಡು ಹೋಗಿ, ಸಂಜೆ ಬಂದು ಕಳಚಿಡುತ್ತೇನೆ. ರೂಪಾಳಿಗೆ ಆ ಕಷ್ಟವಿಲ್ಲ. "ಅಜ್ಜಿ, ಬ್ಯಾಡ ಅಲ್ಲ, ಬೇಡ ಅನ್ನು" ಎಂದು ಅಜ್ಜಿಯನ್ನೇ ತಿದ್ದುತ್ತಾಳೆ.

ಇದನ್ನೆಲ್ಲ ಅತ್ತೆ ನುಂಗಿಕೊಂಡರು. ನೀರಿಗೆ ಕ್ಲೋರಿನ್ ವಾಸನೆ, ಜೋಳದ ಹಿಟ್ಟಿಗೆ ಮಾರೇನಹಳ್ಳಿಯ ತನಕ ನಡೆಯುವುದು, ದರ್ಶಿನಿಯಲ್ಲಿ ನಿಂತುಕೊಂಡೇ ತಿನ್ನುವುದು, ಎಲ್ಲ ನುಂಗಿಕೊಂಡರು. ಆದರೆ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ, ಅವರೆಕಾಯಿ ಸುಲಿಯುತ್ತ ಕೂತವರು ತಲೆ ಎತ್ತದೆ ಹೇಳಿದರು:

"ಎಳ್ಳಮಾಸಿ ಬಂತು. ಹೋದ ವರ್ಷ ಚರಗ ತಪ್ಪೇತಿ. ಈ ವರ್ಷನೂ ತಪ್ಪಿದ್ರ ನಾ ಇಲ್ಲಿ ಇರಾಂಗಿಲ್ಲ. ತಮ್ಮನ ಊರಿಗೆ ಹೋಗ್ತೀನಿ. ಅವನ ಹೊಲ ಮುಳುಗಿಲ್ಲ."

ಈ ಕಡೆಯವರೂ ಓದಬಹುದೆಂದು ಚರಗ ಅಂದರೆ ಏನೆಂದು ಹೇಳಿಬಿಡುತ್ತೇನೆ. ಎಳ್ಳಮಾವಾಸ್ಯೆಯ ದಿನ ಬಿಳಿಜೋಳ ಹೊಲದಲ್ಲಿ ಎದೆಮಟ್ಟ ನಿಂತಿರುತ್ತದೆ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಹಿಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡುತ್ತೇವೆ. ಆಮೇಲೆ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ, ಒಬ್ಬರು "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತ ಹೋಗುತ್ತಾರೆ, ಹಿಂದಿನವರು "ಚಲ್ಲಂಬ್ರಿಗ್ಯೋ" ಎಂದು ಓಗೊಟ್ಟು ನೀರು ಚಿಮುಕಿಸುತ್ತಾರೆ. ಬಸುರಿಗೆ ಬಯಕೆಯ ಊಟ ಹಾಕಿದ ಹಾಗೆ, ಭೂಮಿತಾಯಿಗೆ. ಅವಳು ಉಂಡ ಮೇಲೆ ನಾವು ಅಲ್ಲೇ ಕೂತು ಉಣ್ಣುತ್ತೇವೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಒಂದೇ ಹೊಲದಲ್ಲಿ ಚೆಲ್ಲಿದವರು.

"ಅಷ್ಟ ಏನ್ರಿ ಅತ್ತಿ, ನೆಲ ಸಿಕ್ರ ಆತಲ್ಲ? ನಾ ಹುಡುಕ್ತೀನಿ" ಎಂದೆ. ಇಷ್ಟು ದೊಡ್ಡ ಊರಿನಲ್ಲಿ ಒಂದು ಹಿಡಿ ನೆಲ ಸಿಗುವುದಿಲ್ಲವೇ ಎಂಬ ಧೈರ್ಯ ನನ್ನದು.

ಸಿಗಲಿಲ್ಲ. ನಮ್ಮ ಓಣಿಯ ಖಾಲಿ ಜಾಗಕ್ಕೆಲ್ಲ ಕಂಪೌಂಡು. ಕಂಪೌಂಡಿಲ್ಲದ್ದರಲ್ಲಿ ಕಸ, ಒಡೆದ ಕಮೋಡು. ಬಡಾವಣೆಯ ಪಾರ್ಕಿಗೆ ನೆಲವೇ ಇಲ್ಲ, ಉದ್ದಕ್ಕೂ ಟೈಲ್ಸು ಹಾಸಿದ್ದಾರೆ. ಓನರ್ ಆಂಟಿಯ ತಾರಸಿಯಲ್ಲಿ ತುಳಸಿ, ಗುಲಾಬಿಯ ಕುಂಡಗಳಿದ್ದವು. ಅವುಗಳ ಮಾತೆತ್ತಿದ್ದೇ ತಡ ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಕುಂಡ್ಯಾಗ ಚರಗ ಚೆಲ್ತಾರೇನ? ಬುದ್ಧಿ ಎಲ್ಲಿಟ್ಟಿ?" ಎಂದರು.

ಕೆಂಗೇರಿಯ ಆಚೆ ಇನ್ನೂ ಹೊಲಗಳಿವೆ ಎಂದು ನಮ್ಮವರ ಜೊತೆಯ ಕಂಡಕ್ಟರ್ ಒಬ್ಬರು ಹೇಳಿದ್ದರು. ಒಂದು ಭಾನುವಾರ ಎಲ್ಲರೂ ಬಸ್ಸು ಹತ್ತಿ ಹೋದೆವು. ಊರು ಮುಗಿಯುವ ಕಡೆ ಇಳಿದು ನಡೆದರೆ, ನಿಜ, ಬಯಲು ಇತ್ತು. ಬಯಲ ತುಂಬ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಅತ್ತೆಯ ಮುಖ ಅರಳಿತು. ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಒಂದು ಕಲ್ಲಿಗೆ ಕೈಮುಗಿದು, "ಇಲ್ಲಿಯವ್ರೂ ಪಾಂಡವರನ್ನ ಇಡ್ತಾರ ನೋಡ! ನಮಗಿಂತ ಭಾಳ ಭಕ್ತಿ ಇವ್ರಿಗೆ, ಎಷ್ಟಂತ ಇಟ್ಟಾರ!" ಎಂದರು.

ಅವು ಸೈಟಿನ ಕಲ್ಲುಗಳು. ಸೈಟು ಎಂದರೆ ಮನೆ ಕಟ್ಟಲೆಂದು ಅಳತೆ ಮಾಡಿ ತುಂಡು ಹಾಕಿದ ನೆಲ. ಹೊಲವನ್ನು ಹಾಗೆ ತುಂಡು ಹಾಕಿ ಇಟ್ಟಿದ್ದನ್ನು ಲೇಔಟು ಎನ್ನುತ್ತಾರೆ. ನಮ್ಮವರು ನಗು ತಡೆಯಲಾರದೆ ಬೇರೆ ಕಡೆ ಮುಖ ಮಾಡಿದರು. ನಾನು ಹೇಗೋ ಬಿಡಿಸಿ ಹೇಳಿದೆ. ಅತ್ತೆ ಕೈ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು, ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು. 

ವಾಪಸು ಬರುವ ಬಸ್ಸಿನ ಕಿಟಕಿಯಿಂದಲೇ ಅವರು ಅದನ್ನು ಕಂಡದ್ದು. ಮೈಸೂರು ರಸ್ತೆಯಲ್ಲಿ ಬರುವಾಗ ರಿಂಗ್ ರೋಡು ಕೂಡುವ ಕಡೆ ದೊಡ್ಡ ಫ್ಲೈಓವರ್. ಬಸ್ಸು ಅದರ ಬಗಲಲ್ಲಿ ಗಾಡಿಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಅತ್ತೆ ನನ್ನ ಮೊಣಕೈ ತಿವಿದು, "ಅಲ್ಲಿ ನೋಡು, ಹಸರು" ಎಂದರು. ಕಂಬಗಳ ನಡುವೆ, ರಸ್ತೆಗಳು ಸುತ್ತಿ ಇಳಿಯುವ ಮಧ್ಯದಲ್ಲಿ, ಒಂದು ತೋಟ. ನಮ್ಮವರಿಗೇ ಆಶ್ಚರ್ಯ. "ನಾ ದಿನಾ ಇದರ ಮ್ಯಾಲ ಹಾಯ್ತೀನಿ. ಕೆಳಗ ತೋಟ ಐತಂತ ಗೊತ್ತ ಇರಲಿಲ್ಲ" ಎಂದರು.

ಕಂಡದ್ದು ಸುಲಭ. ಹೋಗುವುದು ಹೇಗೆ? ಮರುದಿನ ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಹೋದೆ. ಪಾರ್ಕು ಕಣ್ಣಿಗೆ ಕಾಣುತ್ತಿದೆ, ಕೂಗಿದರೆ ಅಲ್ಲಿದ್ದವರಿಗೆ ಕೇಳುತ್ತದೆ, ನಡುವೆ ಮಾತ್ರ ಎಡೆಬಿಡದೆ ಗಾಡಿಗಳು. ಸಿಗ್ನಲ್ ಇಲ್ಲ, ಸಿಗ್ನಲ್ ಇರಬಾರದೆಂದೇ ಅಲ್ಲವೇ ಫ್ಲೈಓವರ್ ಕಟ್ಟಿದ್ದು. ಕಬ್ಬಿಣದ ಬೇಲಿ ಹಿಡಿದು ಒಂದು ಕಡೆಯಿಂದ ನಡೆದೆ, ರಸ್ತೆ ನನ್ನನ್ನು ಏರಿಸಿಕೊಂಡು ಮೇಲಕ್ಕೆ ಹೊರಟಿತು. ಹಾರ್ನ್ ಹಾಕಿ ಬೈದರು, ಇಳಿದು ಬಂದೆ. ಇನ್ನೊಂದು ಕಡೆ ಹೋದೆ, ಮೋರಿ. ಆಟೋದವರನ್ನು ಕೇಳಿದೆ. "ಪಾರ್ಕಾ? ಇಲ್ಲಿ ಎಲ್ಲಿದೆ ಮೇಡಂ ಪಾರ್ಕು?" ಎಂದರು, ಪಾರ್ಕಿನ ಎದುರೇ ನಿಂತುಕೊಂಡು. ಎಳನೀರಿನವನು, "ಕಾರಲ್ಲಿ ಬಂದ್ರೆ ಮುಂದೆ ಹೋಗಿ ಯೂ ಟರ್ನ್ ತಗೊಂಡು, ಸರ್ವೀಸ್ ರೋಡಿಗೆ ಇಳಿದ್ರೆ ಅಲ್ಲೇ ಗೇಟು" ಎಂದ. ನಡೆದು ಬಂದರೆ? "ನಡ್ಕೊಂಡಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಡ್ಕೊಂಡು ಯಾರು ಬರ್ತಾರೆ?"

ನೀವು ನಂಬಲಿಕ್ಕಿಲ್ಲ, ಅದು ನಡೆಯುವವರ ಪಾರ್ಕು. 'ವಾಕಿಂಗ್' ಎಂದರೆ ಎಲ್ಲಿಗೂ ಹೋಗದೆ ಸುತ್ತುಸುತ್ತು ನಡೆಯುವುದು, ಇಲ್ಲಿಯವರ ಮೈಗೆ ಅದು ಔಷಧ. ಆ ವಾಕಿಂಗಿಗೆ ಇವರು ಕಾರಿನಲ್ಲಿ ಬರುತ್ತಾರೆ. ನಮ್ಮೂರಲ್ಲಿ ಹೊಲಕ್ಕೆ ಹೋಗಲು ನಡೆಯುತ್ತಿದ್ದೆವು. ಇಲ್ಲಿ ನಡೆಯಲು ಹೋಗುವುದಕ್ಕೆ ಗಾಡಿ ಬೇಕು. ನಾನು ಅವತ್ತು ಬೇಲಿಯ ಆಚೆಯಿಂದಲೇ ಹುಲ್ಲು ನೋಡಿ ಮನೆಗೆ ಬಂದೆ. ಸಿಟ್ಟು ರೂಪಾಳ ಮೇಲೆ ಹೋಯಿತು.

ಮತ್ತೊಂದು ದಿನ ಹೋದೆ. ಟ್ರಾಫಿಕ್ ಪೊಲೀಸರೊಬ್ಬರಿಗೆ ಕರುಣೆ ಬಂದು ಕೈ ಅಡ್ಡ ಹಿಡಿದು ದಾಟಿಸಿದರು. "ದಿನಾ ಹಿಂಗೆ ದಾಟಿಸ್ತೀನಿ ಅನ್ಕೋಬೇಡಿ ಮತ್ತೆ" ಎಂದರು. ಆಚೆ ಹೋಗಿ ಗೋಡೆ ಬಳಸಿದರೆ ಕೊನೆಗೂ ಗೇಟು. ಗೇಟಿಗೆ ಬೀಗ. ಬೆಳಿಗ್ಗೆ ಐದರಿಂದ ಒಂಬತ್ತು, ಸಂಜೆ ನಾಲ್ಕರಿಂದ ಎಂಟು ಎಂದು ಬರೆದಿತ್ತು. ನಾನು ಹೋದದ್ದು ಶನಿವಾರದ ಮಧ್ಯಾಹ್ನ. ಬೀಗ ಹಿಡಿದು ಅಲ್ಲಾಡಿಸಿದೆ. ತೋಟಕ್ಕೆ ಬೀಗ ಹಾಕುವ ಊರು ಇದು.

ಅಂತೂ ಇಂತೂ ಅತ್ತೆಯನ್ನು ಕರೆದುಕೊಂಡು ಒಳಗೆ ಹೋದ ಸಂಜೆಯೇ ನಾನು ಮೊದಲು ಹೇಳಿದ್ದು, ತಲೆಯ ಮೇಲೆ ಲಾರಿ ಹೋದ ಸಂಜೆ. ಗೇಟಿನ ಪಕ್ಕ ಒಂದು ಬೋರ್ಡು. ಹುಲ್ಲಿನ ಮೇಲೆ ನಡೆಯಬಾರದು, ಹೂವು ಕೀಳಬಾರದು, ನಾಯಿ ತರಬಾರದು, ಆಟ ಆಡಬಾರದು. ಅತ್ತೆಗೆ ಓದಲು ಬರುವುದಿಲ್ಲ. "ಏನ್ ಬರದಾರ?" ಎಂದು ಕೇಳಿದರು. "ಬರ್ರಿ ಅಂತ ಬರದಾರ" ಎಂದೆ. ನಕ್ಕರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು.

ಬೆಂಚಿನಿಂದ ಎದ್ದು ಅವರು ಪಾರ್ಕನ್ನೆಲ್ಲ ಹೊಲ ನೋಡುವವರ ಹಾಗೆ ಒಂದು ಸುತ್ತು ಹಾಕಿದರು. ಹುಲ್ಲಿನ ಅಂಚಿನಲ್ಲಿ ಬಗ್ಗಿ ಬೆರಳಿನಿಂದ ಕೆದರಿದರು. ಬೊಗಸೆಯಾಳ ಕೆಮ್ಮಣ್ಣು, ಅದರ ಕೆಳಗೆ ಜಲ್ಲಿ, ಸಿಮೆಂಟಿನ ಹೆಂಟೆ. ನಮ್ಮ ಕಡೆ ಎರೆಭೂಮಿಯಲ್ಲಿ ಕೈ ಇಟ್ಟರೆ ತಂಪು ಹತ್ತುತ್ತಿತ್ತು. "ಹೊರಗಿಂದ ತಂದು ಹರವ್ಯಾರ. ಮಣ್ಣೂ ನಮ್ಮಂಗ ವಲಸಿ ಬಂದೈತಿ" ಎಂದು ಕೈ ಝಾಡಿಸಿಕೊಂಡರು. ಇಷ್ಟು ಒದ್ದಾಡಿ ಹುಡುಕಿದ್ದು ಇದಕ್ಕೇನಾ?

ಆದರೆ ತುದಿಯ ಕಂಬದ ಹತ್ತಿರ ಅವರು ನಿಂತರು. ಮೇಲಿನ ರಸ್ತೆಯ ನೀರು ಇಳಿಯಲೆಂದು ಕಂಬಕ್ಕೆ ಪೈಪು ಹಾಯಿಸಿದ್ದರು, ಪೈಪು ಒಡೆದಿತ್ತು. ಮಳೆ ಬಂದಾಗ ಆ ಪಾರ್ಕಿಗೆಲ್ಲ ಅಲ್ಲಿ ಮಾತ್ರ ನೀರು ಬೀಳುತ್ತಿದ್ದಿರಬೇಕು. ಪಾರಿವಾಳಗಳಿಗೆಂದು ಯಾರೋ ದಿನವೂ ಅಲ್ಲಿ ಜೋಳ ಚೆಲ್ಲುತ್ತಿದ್ದರು. ಕಂಬದ ಬುಡದಲ್ಲಿ ಜೋಳ ಹುಟ್ಟಿತ್ತು. ಹತ್ತಾರು ಬಡಕಲು ದಂಟು, ಒಂದೆರಡರಲ್ಲಿ ಆಗಲೇ ತೆನೆ ಇಣುಕಿತ್ತು.

ಅತ್ತೆ ತೆನೆಯನ್ನು ಮುಟ್ಟಿ ನೋಡಿದರು. ಬಹಳ ದಿನದ ಮೇಲೆ ಅವರ ಧ್ವನಿ ಮೊದಲಿನಂತಾಯಿತು. "ಇಲ್ಲೇ ಚೆಲ್ಲೂಣು" ಎಂದರು.

ಎಳ್ಳಮಾವಾಸ್ಯೆ ಬಂತು. ಊರಲ್ಲಿ ಚರಗ ಚೆಲ್ಲುವುದು ಹೊತ್ತು ನೆತ್ತಿಗೆ ಬಂದಾಗ. ಇಲ್ಲಿ ಒಂಬತ್ತಕ್ಕೆ ಬೀಗ. "ಭೂಮ್ತಾಯಿ ಇಷ್ಟ ಲಗೂ ಉಣ್ತಾಳೇನ?" ಎಂದು ಅತ್ತೆ ಗೊಣಗಿದರೂ ನಸುಕಿನಲ್ಲೇ ಎದ್ದರು. ಅವತ್ತು ಕೌದಿ ಹಾಸಲಿಲ್ಲ. ಟಪಟಪ ಎಂದು ಓಣಿಗೆಲ್ಲ ಕೇಳುವ ಹಾಗೆ ಸಜ್ಜೆರೊಟ್ಟಿ ಬಡಿದರು. ಓನರ್ ಆಂಟಿ ಮೇಲಿನಿಂದ ಏನೋ ಅಂದರು. ನಾನು ಕೇಳಿಸಲಿಲ್ಲವೆಂಬಂತೆ ಇದ್ದೆ. ನಮ್ಮವರಿಗೆ ರಜೆ ಸಿಗಲಿಲ್ಲ. "ಮ್ಯಾಲಿಂದ ಹಾಯುವಾಗ ಕೈ ಮುಗೀತೀನಿ ಬಿಡು" ಎಂದು ಡ್ಯೂಟಿಗೆ ಹೋದರು. ನಾನು, ಅತ್ತೆ, ರೂಪಾ ಆಟೋ ಮಾಡಿಕೊಂಡು ಹೋದೆವು, ಯೂ ಟರ್ನ್ ತೆಗೆದುಕೊಂಡು, ಸರ್ವೀಸ್ ರೋಡಿಗೆ ಇಳಿದು.

ಬುತ್ತಿಯ ಗಂಟು ಹೊತ್ತ ನಮ್ಮನ್ನು ಗೇಟಿನ ಸೆಕ್ಯೂರಿಟಿ ಸಿದ್ದರಾಜು ತಡೆಯಲಿಲ್ಲ. ಮಾಗಡಿ ಕಡೆಯ ವಯಸ್ಸಾದ ಮನುಷ್ಯ, ನಮ್ಮ ಮುಖ ಆಗಲೇ ಪರಿಚಯವಾಗಿತ್ತು. "ತಿಂಡಿ ಒಳಗೆ ತಿನ್ನಂಗಿಲ್ಲಮ್ಮ" ಎಂದಷ್ಟೇ ಹೇಳಿದರು. "ನಾವ್ ತಿನ್ನಂಗಿಲ್ರಿ" ಎಂದರು ಅತ್ತೆ. ಅದು ಸುಳ್ಳೂ ಅಲ್ಲ.

ಜೋಳದ ಬುಡದಲ್ಲಿ ಐದು ಕಲ್ಲಿಟ್ಟು, ತಂದಿದ್ದ ಸುಣ್ಣ ಹಚ್ಚಿ, ಅರಿಶಿನ ಕುಂಕುಮ ಇಟ್ಟರು. ಹೋಳಿಗೆ, ಬದನೆಕಾಯಿ, ಅನ್ನ ಎಲ್ಲ ಬುಟ್ಟಿಯಲ್ಲಿ ಕಲಸಿದರು. ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲಿನ ಮೇಲೆ ಕಾಲಿಟ್ಟು, ಮುಷ್ಟಿ ತುಂಬ ಚೆಲ್ಲಿ ಕೂಗಿದರು:

"ಹುಲ್ಲುಲ್ಲಿಗ್ಯೋ!"

ಹೊಲದಲ್ಲಿ ಆ ಕೂಗು ಜೋಳದ ಮೇಲೆ ಹಾದು ದೂರ ಹೋಗುತ್ತದೆ. ಇಲ್ಲಿ ಮೇಲಿನ ಕಾಂಕ್ರೀಟಿಗೆ ಬಡಿದು ಹತ್ತು ಪಟ್ಟಾಗಿ ನಮ್ಮ ತಲೆಯ ಮೇಲೆಯೇ ಬಿತ್ತು. ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ವಾಕಿಂಗಿನವರು ನಿಂತುಬಿಟ್ಟರು. ಅತ್ತೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಅಲ್ಲಿ ನಿಂತವರಲ್ಲಿ ನಮ್ಮ ಶಾಲೆಯ ಮಕ್ಕಳ ತಾಯಿತಂದೆ ಯಾರಾದರೂ ಇದ್ದಾರೇನೋ ಎಂಬ ಅಳುಕು ಒಂದು ಕ್ಷಣ ಬಂತು. ಮರುಕ್ಷಣ ಮೆತ್ತಗೆ ಬಡಿದ ರೊಟ್ಟಿ, ಬೀಗ ಹಾಕಿದ ಗೇಟು, ಕಿಸಕ್ಕನೆ ನಕ್ಕ ತರಗತಿ ಎಲ್ಲ ಗಂಟಲಿಗೆ ಬಂದವು.

"ಚಲ್ಲಂಬ್ರಿಗ್ಯೋ!" ಎಂದು ಜೀವ ಹೋಗುವ ಹಾಗೆ ಕೂಗಿದೆ.

ಎಷ್ಟು ಹಾಯೆನಿಸಿತು ಎಂದರೆ ಕಣ್ಣಲ್ಲಿ ನೀರು ಬಂತು. ರೂಪಾಳೂ ಕೂಗಿದಳು. ಚೆಲ್ಲುತ್ತ, ಚಿಮುಕಿಸುತ್ತ, ಹುಲ್ಲು ದಾಟಿ ಜಿಂಕೆಯ ತನಕ ಹೋಗಿದ್ದೆವು. ಅಷ್ಟರಲ್ಲಿ ಟ್ರ್ಯಾಕ್ ಸೂಟಿನ ಒಬ್ಬರು ಅಡ್ಡ ಬಂದರು.

"ಏನ್ರೀ ಇದು? ಅಮಾವಾಸ್ಯೆ ದಿನ ಇಲ್ಲಿ ಬಂದು ಮಾಟ ಮಾಡ್ತೀರಾ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಈ ಊರಿನಲ್ಲಿ ಮೂರು ದಾರಿ ಕೂಡುವ ಕಡೆ ಕುಂಕುಮದನ್ನ, ನಿಂಬೆಹಣ್ಣು ಇಡುವುದನ್ನು ನಾನೂ ಕಂಡಿದ್ದೆ. ಯಾರದೋ ದೃಷ್ಟಿ, ಯಾರದೋ ಪೀಡೆ. ಅದನ್ನು ದಾಟಬಾರದೆಂದು ಜನ ಬಳಸಿಕೊಂಡು ಹೋಗುತ್ತಾರೆ. ನಾವು ಮೂರಲ್ಲ, ಹತ್ತಾರು ದಾರಿ ಕೂಡುವ ಕಡೆ, ಅಮಾವಾಸ್ಯೆಯ ದಿನ, ಸುಣ್ಣ ಕುಂಕುಮ ಹಚ್ಚಿದ ಕಲ್ಲಿಟ್ಟು, ಅನ್ನ ಚೆಲ್ಲಿ ಕೂಗುತ್ತಿದ್ದೆವು. ಸೈಟಿನ ಕಲ್ಲಿಗೆ ಅತ್ತೆ ಕೈ ಮುಗಿದರು. ಪಾಂಡವರನ್ನು ನೋಡಿ ಇವರು ಹೆದರಿದರು.

"ಮಾಟ ಅಲ್ರಿ, ಹಬ್ಬ. ಭೂಮಿಪೂಜೆ" ಎಂದೆ.

"ಭೂಮಿಪೂಜೆಗೆ ಪುರೋಹಿತರು ಎಲ್ಲಿ? ಮಕ್ಕಳು ಓಡಾಡೋ ಜಾಗ ಕಣಮ್ಮ ಇದು" ಎಂದರು ಒಬ್ಬ ಹೆಂಗಸು, ಚೆಲ್ಲಿದ ಅನ್ನ ತಾಗದಂತೆ ಕಾಲು ಎತ್ತಿ ಎತ್ತಿ ಇಡುತ್ತ. "ಸೆಕ್ಯೂರಿಟಿ! ಏನ್ ಮಾಡ್ತಾ ಇದೀರಾ? ಕಂಪ್ಲೇಂಟ್ ಕೊಡ್ತೀವಿ ನೋಡಿ."

ಸಿದ್ದರಾಜು ಓಡಿಬಂದರು. ಅವರ ಮುಖ ಬಿಳುಚಿಕೊಂಡಿತ್ತು. "ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಾ ಎತ್ಬಿಡಿ. ನನ್ ಕೆಲ್ಸ ಹೋಗ್ತದೆ" ಎಂದರು. ನಾನು ಜಗಳಕ್ಕೆ ನಿಂತೆ. ನೀವು ಆಯುಧಪೂಜೆಗೆ ನಡುರಸ್ತೆಯಲ್ಲಿ ಕುಂಬಳಕಾಯಿ ಒಡೆದರೆ ಸರಿ, ನಮ್ಮದು ಮಾಟವೇ ಎಂದು ಏನೇನೋ ಅಂದೆ, ನಮ್ಮ ಮಾತಿನಲ್ಲೇ, ಗಂಟಲು ಕಿತ್ತುಹೋಗುವಂತೆ. ಅವರಿಗೆ ಅರ್ಧ ತಿಳಿಯಲಿಲ್ಲ. ತಿಳಿಯದ ಅರ್ಧವೂ ಮಂತ್ರವೆಂದೇ ಅಂದುಕೊಂಡಿರಬೇಕು, ಇನ್ನೂ ದೂರ ಸರಿದರು.

ಜಗಳದ ನಡುವೆ ತಿರುಗಿ ನೋಡಿದರೆ ಅತ್ತೆ ಹುಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಅನ್ನ ಆರಿಸುತ್ತಿದ್ದರು. ಭೂಮಿತಾಯಿಗೆ ಕೊಟ್ಟದ್ದನ್ನು ಒಂದೊಂದು ಅಗುಳಾಗಿ ವಾಪಸು ತೆಗೆದು ಉಡಿಗೆ ಹಾಕಿಕೊಳ್ಳುತ್ತಿದ್ದರು. ಜಗಳ ಬಿಟ್ಟು ಓಡಿದೆ. ಅವರ ಕೈ ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿ, ಉಳಿದದ್ದನ್ನು ನಾನು ಆರಿಸಿದೆ. ಜನ ನೋಡುತ್ತ ನಿಂತಿದ್ದರು. ಅಷ್ಟು ಅವಮಾನ ನನಗೆ ಊರು ಬಿಡುವಾಗಲೂ ಆಗಿರಲಿಲ್ಲ.

ಕಂಬದ ಬುಡದ ಕಡೆ ಹೊರಟಾಗ ಸಿದ್ದರಾಜು ಮೆಲ್ಲಗೆ, "ಅದು ಇರ್ಲಿ ಬಿಡಿ. ಆ ಮೂಲೆಗೆ ಯಾರೂ ಬರಲ್ಲ" ಎಂದರು. ಜೋಳದ ಮುಂದಿನ ಐದು ಕಲ್ಲು, ಒಂದು ಹೋಳಿಗೆ, ಒಂದು ಹಿಡಿ ಅನ್ನ ಅಲ್ಲೇ ಉಳಿದವು.

ಮನೆಗೆ ಬಂದು ಅತ್ತೆ ಉಣ್ಣಲಿಲ್ಲ. ಆರಿಸಿ ತಂದದ್ದನ್ನು ಎಲ್ಲಿ ಹಾಕುವುದು? ಕಸದ ಗಾಡಿಗೆ ಹಾಕಲು ಮನಸ್ಸಿಲ್ಲ. ಕೊನೆಗೆ ಓನರ್ ಆಂಟಿಯ ಕಣ್ಣು ತಪ್ಪಿಸಿ ತುಳಸಿಯ ಕುಂಡಕ್ಕೇ ಹಾಕಿ ಬಂದರು. ನಾನು ನೋಡಿಯೂ ನೋಡದಂತೆ ಇದ್ದೆ. ಅವತ್ತು ಸಂಜೆ ಅವರ ಟ್ರಂಕು ಕಪಾಟಿನ ಮೇಲಿನಿಂದ ಕೆಳಗಿಳಿಯಿತು. ಅದರ ಮೇಲೆ ಎರಡು ಸೀರೆ ಮಡಿಸಿಟ್ಟರು. ಅವರ ತಮ್ಮ ನಮ್ಮ ಓನರ್ ಮನೆಯ ಫೋನಿಗೆ ಕರೆ ಮಾಡಿ, ಕರೆದುಕೊಂಡು ಹೋಗಲು ಯಾವಾಗ ಬರಲಿ ಎಂದು ಕೇಳಿದರು. "ಹೇಳ್ತೀನಿ" ಎಂದಷ್ಟೇ ಅಂದು ಅತ್ತೆ ಫೋನ್ ಇಟ್ಟರು. ಟ್ರಂಕು ಹಾಗೇ ಬಾಗಿಲ ಬಳಿ ಇತ್ತು. ದಿನವೂ ಶಾಲೆಗೆ ಹೋಗುವಾಗ ಅದನ್ನು ದಾಟಿ ಹೋಗುತ್ತಿದ್ದೆ, ಬರುವಾಗ ಇದೆಯೋ ಇಲ್ಲವೋ ಎಂದು ಮೊದಲು ಅದನ್ನೇ ನೋಡುತ್ತಿದ್ದೆ. ಇರಿ ಎಂದು ಕೇಳುವ ಮುಖ ನನಗೆಲ್ಲಿತ್ತು? ನೆಲ ಹುಡುಕುತ್ತೇನೆ ಎಂದವಳು ನಾನು.

ಸಂಕ್ರಾಂತಿ ಕಳೆದ ಮೇಲೆ ಅವರೇ ಒಂದು ಸಂಜೆ, "ನಡಿ, ಜ್ವಾಳ ಏನಾತು ನೋಡ್ಕೊಂಡು ಬರೂಣು. ಆಮ್ಯಾಲ ತಮ್ಮಗ ಹೇಳ್ತೀನಿ" ಎಂದರು.

ಜೋಳ ಇರಲಿಲ್ಲ. ಬುಡಸಮೇತ ಕಿತ್ತು ಅಲ್ಲೊಂದು ಕ್ರೋಟನ್ ನೆಟ್ಟಿದ್ದರು. ಐದು ಕಲ್ಲುಗಳನ್ನು ಕಾಲುದಾರಿಯ ಅಂಚಿಗೆ ಜೋಡಿಸಿದ್ದರು, ಸುಣ್ಣ ಹಚ್ಚಿದ್ದು ಅಂದವಾಗಿ ಕಂಡಿರಬೇಕು. ನನಗೆ ಮತ್ತೆ ಕಿಚ್ಚು ಏರಿತು. ಅತ್ತೆ ಕಲ್ಲುಗಳನ್ನು ದಾಟಿ ವಾಪಸು ಹೊರಟರು. ಗೇಟಿನ ಹತ್ತಿರ ಬಂದಾಗ ಬೋರ್ಡಿನ ಮುಂದೆ ನಿಂತರು. ಹಳೆಯ ಸಾಲುಗಳ ಕೆಳಗೆ ಹೊಸ ಬಣ್ಣದಲ್ಲಿ ಇನ್ನೊಂದು ಸಾಲು ಬಂದಿತ್ತು, ಇನ್ನೂ ಮಿರಿಮಿರಿ ಮಿನುಗುತ್ತಿತ್ತು.

"ಇದು ಮೊದಲ ಇರಲಿಲ್ಲ. ಏನ್ ಬರದಾರ?" ಎಂದು ಕೇಳಿದರು.

ಈ ಸಲ ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಓದಿದೆ. "ಪೂಜೆ ಮಾಡಬಾರದು, ಆಹಾರ ಚೆಲ್ಲಬಾರದು, ಕೂಗಬಾರದು."

"ನಮಗ ಬರದಾರೇನ?"

"ನಮಗ ರಿ. ಮತ್ತ ಯಾರಿಗೆ?"

ಅತ್ತೆ ಸೆರಗಿನಿಂದ ಬೋರ್ಡಿನ ಆ ಸಾಲನ್ನು ಮೆಲ್ಲಗೆ ಸವರಿದರು. ಬಣ್ಣ ಹಸಿಯಿತ್ತೋ ಏನೋ, ಸೆರಗಿಗೆ ಸ್ವಲ್ಪ ಹತ್ತಿತು. ಅದನ್ನು ನೋಡಿಕೊಂಡು, ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದರು:

"ಅಲ್ಲಿ ಅಷ್ಟು ವರ್ಷ ಉತ್ತಿವಿ, ಬಿತ್ತಿವಿ, ಚೆಲ್ಲಿವಿ. ನೀರು ಬಂತು. ನಾವು ಅಲ್ಲಿದ್ವಿ ಅಂತ ಹೇಳಾಕ ಒಂದ ಕಲ್ಲ ಉಳಿದಿಲ್ಲ. ಇಲ್ಲಿ ಒಂದ ದಿನ ಚೆಲ್ಲಿದ್ದಕ್ಕ ಬೋರ್ಡ ಹಾಕ್ಯಾರ." ನಂತರ ನನ್ನ ಕಡೆ ತಿರುಗಿ, "ತಮ್ಮಗ ಬರಬ್ಯಾಡಂತ ಹೇಳು" ಎಂದರು.

ನನಗೆ ಅದರಿಂದ ಸಂತೋಷವಾಗಬೇಕಿತ್ತು, ಆಯಿತು ಕೂಡ. ಟ್ರಂಕು ಮತ್ತೆ ಕಪಾಟಿನ ಮೇಲೆ ಹೋಯಿತು, ನನ್ನ ಕೆಲಸ ಉಳಿಯಿತು. ಆದರೂ ಆ ಫ್ಲೈಓವರ್ ಕಡೆ ಹೋದಾಗಲೆಲ್ಲ ಸಿಟ್ಟು ಬರುತ್ತದೆ. ಯಾರಾದರೂ 'ನಿಮ್ಮ ಊರು ಯಾವುದು' ಎಂದು ಕೇಳಿದರೆ ನೀರಿನ ಕೆಳಗಿನ ಊರಿನ ಹೆಸರೇ ಬಾಯಿಗೆ ಬರುತ್ತದೆ. ಅಲ್ಲಿ ಎಲ್ಲೂ ಈಗ ನಾವಿಲ್ಲ. ನಾವು ಇರುವುದಕ್ಕೆ ಬರಹದ ಸಾಕ್ಷಿ ಬೇಕೆಂದರೆ ಈ ಕಡೆ ಬನ್ನಿ, ಮೈಸೂರು ರಸ್ತೆಯಲ್ಲಿ ಯೂ ಟರ್ನ್ ತೆಗೆದುಕೊಂಡು ಸರ್ವೀಸ್ ರೋಡಿಗೆ ಇಳಿಯಿರಿ. ಗೇಟಿನ ಪಕ್ಕದ ಬೋರ್ಡಿನಲ್ಲಿ, ಎಲ್ಲಕ್ಕಿಂತ ಕೆಳಗಿನ ಸಾಲು.